ಲಾರಿಯ ದಮ್ಮು

ಮನುಷ್ಯರಿಗೆ ದಮ್ಮು ಹತ್ತುವುದನ್ನು ಎಲ್ಲರೂ ಬಲ್ಲರು. ಲಾರಿಗೂ ಹತ್ತುತ್ತದೆಂದರೆ ವಾಚಕರು ನಕ್ಕಾರು. ನಾನೂ ಒಂದು ಕಾಲಕ್ಕೆ ನಕ್ಕವನೇ. ಆದರೆ ನಮ್ಮ ಮನೆಯ ಲಾರಿಯ ದಮ್ಮು ಒಂದು ಚಳಿಗಾಲದಲ್ಲಿ ಅಣ್ಣತಮ್ಮಂದಿರ ನಡುವೆ ಗೋಡೆಯೆಬ್ಬಿಸುವ ಮಟ್ಟಕ್ಕೆ ಬಂದಿತ್ತು. ಅದರ ಕಥೆಯನ್ನು ಇದ್ದುದಿದ್ದಂತೆ ಹೇಳುವುದು ನನಗೊಂದು ಋಣ ತೀರಿಸಿದಂತೆ.

ನಮ್ಮೂರು ಚಿಂಚೋಳಿ ತಾಲೂಕಿನ ಚಿಮ್ಮನಚೋಡ. ಮುಲ್ಲಾಮಾರಿ ಹೊಳೆಯ ಸೀಮೆ. ಸುತ್ತಲೂ ಎರೆಹೊಲ, ಹೊಲದ ತುಂಬ ತೊಗರಿ. 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕಲಬುರಗಿಯ ತೊಗರಿಬೇಳೆ ಇಂತಹ ಹೊಲಗಳದೇ. ಸುಗ್ಗಿಯಲ್ಲಿ ತೊಗರಿಯ ಚೀಲ, ಉಳಿದ ದಿನಗಳಲ್ಲಿ ಶಹಾಬಾದದ ಹಾಸುಗಲ್ಲು, ಸೇಡಂ ಕಡೆಯ ಸಿಮೆಂಟು—ಇವನ್ನು ಹೊತ್ತು ನಮ್ಮ ಆರು ಸಿಲಿಂಡರಿನ ಹಳೆಯ ಡೀಸೆಲ್ ಲಾರಿ ಮನೆಯನ್ನು ನಡೆಸುತ್ತಿತ್ತು. ತಮ್ಮನು ಅದರ ಸಾರಥಿ. ನಾನು ಲೆಕ್ಕದ ಪುಸ್ತಕದ ಒಡೆಯ.

ಎಳ್ಳಅಮಾವಾಸ್ಯೆ ಸಮೀಪಿಸಿತ್ತು. ಬೆಳಗಿನ ಚಳಿಗೆ ಲಾರಿ ಏಳಲೊಲ್ಲದು. ಸೆಲ್ಫು ತಿರುಗಿಸಿ ತಿರುಗಿಸಿ ಸಾಕಾದ ಮೇಲೆ ಬಿಳಿಯ ಹೊಗೆ ಕಾರಿ, ಕೆಮ್ಮಿ, ಒಲ್ಲದ ಮನಸ್ಸಿನಿಂದ ಏಳುವುದು. ಏರು ಬಂದರೆ ಏದುಸಿರು. ಹಿಂದೆ ನೀಲಿಯ ಹೊಗೆ. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಹೊಗೆಯಲ್ಲ, ಲೆಕ್ಕ. ತಿಂಗಳಿಗೆ ಒಂದು ಲೀಟರು ಮೇಲೆ ಸುರಿದರೆ ಸಾಕಾಗುತ್ತಿದ್ದ ಎಂಜಿನಿನ ಎಣ್ಣೆ ವಾರಕ್ಕೆ ಮೂರು ಲೀಟರಿಗೆ ಏರಿತ್ತು. "ಈ ಎಣ್ಣಿ ಎಲ್ಲಿ ಹೋಗ್ತದ?" ಎಂದು ಕೇಳಿದೆನು. "ಇಂಜಿನ್ ತಿಂತದ ಅಣ್ಣಾ" ಎಂದನು ತಮ್ಮ. "ಇಂಜಿನ್ ತಿಂತದೋ, ಪೇಟಿಯೊಳಗ ಯಾರರೇ ಕೊಳ್ತಾರೋ?" ಎಂದುಬಿಟ್ಟೆನು. ಅವನು ಮರುಮಾತಾಡಲಿಲ್ಲ. ಕೀಲಿಕೈಯನ್ನು ಅವ್ವನ ಕೈಯಲ್ಲಿಟ್ಟು ಹೊರಗೆ ನಡೆದನು. ಅಂದಿನಿಂದ ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿಲ್ಲ. ಹಬ್ಬದ ದಿನ ಹೊಲದಲ್ಲಿ ಚರಗ ಚೆಲ್ಲುವಾಗಲೂ ಅವನು ಆ ಬದು, ನಾನು ಈ ಬದು.

ಮೊದಲು ತೋರಿಸಿದ ಗ್ಯಾರೇಜಿನವರು ಏನನ್ನೂ ಬಿಚ್ಚಿ ನೋಡದೆ, "ಪೂರಾ ಇಂಜಿನ್ ಇಳಿಸಬೇಕ್ರಿ" ಎಂದು ಹೇಳಿದ ಮೊತ್ತಕ್ಕೆ ಆ ವರ್ಷದ ತೊಗರಿಯೆಲ್ಲವನ್ನೂ ಮಾರಿದರೂ ಸಾಲುತ್ತಿರಲಿಲ್ಲ. ಕಡೆಗೆ ಒಬ್ಬ ವೃದ್ಧ ಮೇಸ್ತ್ರಿಯ ಬಳಿಗೆ ಹೋದೆವು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನಾವೂ ಹಾಗೆಯೇ ಎಂದೆವು.

ಇಲ್ಲಿ ಎರಡು ಮಾತು ತಿಳಿಸಬೇಕು. ಪೆಟ್ರೋಲಿನ ಎಂಜಿನಿಗೆ ಕಿಡಿ ಬೇಕು. ಡೀಸೆಲ್ ಎಂಜಿನಿಗೆ ಬೇಡ. ರುಡೋಲ್ಫ್ ಡೀಸೆಲ್ ಎಂಬ ಜರ್ಮನ್ ಯಂತ್ರಶಿಲ್ಪಿ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ನಡೆಸಿ ತೋರಿಸಿದ ಯುಕ್ತಿ ಇಷ್ಟೇ: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ತಾನೇ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಮ್ಮ ಮಕ್ಕಳೂ ಬಲ್ಲರು. ಲಾರಿಯ ಸಿಲಿಂಡರಿನಲ್ಲಿ ಗಾಳಿಯನ್ನು ಸುಮಾರು ಹದಿನೇಳರಲ್ಲೊಂದು ಪಾಲಿಗೆ ಇಳಿಸಿದಾಗ ಅದರ ಕಾವು 500 ಡಿಗ್ರಿಯನ್ನು ಮೀರುತ್ತದೆ. ಆಗ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತುತ್ತದೆ. ಗಾಳಿ ಎಲ್ಲಿಯಾದರೂ ಸೋರಿದರೆ ಒತ್ತಡವಿಲ್ಲ, ಒತ್ತಡವಿಲ್ಲದಿದ್ದರೆ ಕಾವಿಲ್ಲ, ಕಾವಿಲ್ಲದಿದ್ದರೆ ಡೀಸೆಲ್ ಉರಿಯದೆ ಬಿಳಿಯ ಹೊಗೆಯಾಗಿ ಹೊರಬೀಳುತ್ತದೆ. ಇದೇ ಲಾರಿಯ ದಮ್ಮು.

ಚಾಚಾ ಮೊದಲು ಬ್ಯಾಟರಿಯನ್ನೂ ಡೀಸೆಲ್ ಬರುವ ದಾರಿಯನ್ನೂ ನೋಡಿದರು, ಅಲ್ಲಿ ದೋಷವಿರಲಿಲ್ಲ. ಬಳಿಕ ನಾಜಲುಗಳನ್ನೆಲ್ಲ ತೆಗೆದು, ಒಂದೊಂದೇ ರಂಧ್ರಕ್ಕೆ ಒತ್ತಡ ಅಳೆಯುವ ಗೇಜನ್ನು ತೊಡಿಸಿ, ಸೆಲ್ಫು ತಿರುಗಿಸಿದರು. ನಾಲ್ಕು ಸಿಲಿಂಡರುಗಳಲ್ಲಿ 22, 23 ಕಿಲೋ ಒತ್ತಡ. ಎರಡನೆಯದರಲ್ಲಿ 15, ಐದನೆಯದರಲ್ಲಿ 16. ಆ ಎರಡಕ್ಕೆ ಒಂದು ಚಮಚದಷ್ಟು ಎಣ್ಣೆ ಬಿಟ್ಟು ಮತ್ತೆ ಅಳೆಯಲು, ಮುಳ್ಳು ಮೇಲೇರಿತು. "ವಾಲ್ವ್ ಸೋರಿದ್ರ ಎಣ್ಣಿಗೆ ಏರ್ತಿದ್ದಿಲ್ಲ. ಇದು ರಿಂಗಿಂದು" ಎಂದರು. ಅಷ್ಟಕ್ಕೇ ನಂಬದೆ, ಪಿಸ್ಟನ್ನನ್ನು ನೆತ್ತಿಗೆ ತಂದು ನಿಲ್ಲಿಸಿ, ನಾಜಲಿನ ರಂಧ್ರದಿಂದ ಕಂಪ್ರೆಸರಿನ ಗಾಳಿ ಬಿಟ್ಟು, ನನ್ನನ್ನು ಕರೆದರು. ಸೈಲೆನ್ಸರಿನಲ್ಲಿ ಸದ್ದಿಲ್ಲ, ಗಾಳಿ ಎಳೆಯುವ ಕೊಳವೆಯಲ್ಲಿ ಸದ್ದಿಲ್ಲ, ರೇಡಿಯೇಟರಿನ ನೀರಿನಲ್ಲಿ ಗುಳ್ಳೆಯಿಲ್ಲ. ಎಣ್ಣೆ ಸುರಿಯುವ ಬಾಯಿಗೆ ಕಿವಿಯೊಡ್ಡಿದೆನು: ಹಾವು ಬುಸುಗುಟ್ಟಿದಂತೆ ಗಾಳಿ!

"ಗಾಳಿ ಕೆಳಗ ಇಳಿಯೋ ಸಂದಿಲಿಂದೇ ಎಣ್ಣಿ ಮ್ಯಾಲೆ ಏರ್ತದ. ಈ ಎಣ್ಣಿ ಯಾರೂ ಕದ್ದಿಲ್ರಿ, ಇಂಜಿನ್ನೇ ಕುಡದದ" ಎಂದರು ಚಾಚಾ.

ತಮ್ಮನು ಅಲ್ಲಿಯೇ ನಿಂತಿದ್ದನು. ಅವನು ನನ್ನ ಕಡೆಗೆ ನೋಡಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಇನ್ನೂ ಒಂದು ಪ್ರಶ್ನೆ ಉಳಿದಿತ್ತು: ರಿಂಗುಗಳು ಇಷ್ಟು ಬೇಗ ಸವೆದದ್ದೇಕೆ? ಚಾಚಾ ಏರ್ ಫಿಲ್ಟರನ್ನು ಹೊರತೆಗೆದು ಬಿಸಿಲಿಗೆ ಹಿಡಿದರು. ಕಾಗದದ ಮಡಿಕೆಯಲ್ಲಿ ಉಗುರಿನಷ್ಟು ಸೀಳು. ಕೊಳವೆಯೊಳಗೆ ಬೆರಳಾಡಿಸಿದರೆ ನುಣ್ಣನೆಯ ಧೂಳು. ಮಣ್ಣಿನ ಧೂಳಿನಲ್ಲಿರುವ ಮರಳಿನ ಕಣ ಕಬ್ಬಿಣಕ್ಕಿಂತ ಗಟ್ಟಿ. ಎಣ್ಣೆಯೊಡನೆ ಕೂಡಿ ಅದು ಸಾಣೆಯ ಪುಡಿಯಂತೆ ಲೈನರನ್ನೂ ರಿಂಗನ್ನೂ ಅರೆದುಹಾಕುತ್ತದೆ. ಆ ಫಿಲ್ಟರನ್ನು ಗಾಲಿಗೆ ಬಡಿದು, ಗಾಳಿ ಊದಿಸಿ, "ಇನ್ನೊಂದು ಸುಗ್ಗಿ ನಡೀತದ" ಎಂದವನು ನಾನೇ. ಮನೆಗೆ ಬಂದು ಲೆಕ್ಕದ ಪುಸ್ತಕವನ್ನು ತೆರೆದೆನು. 'ಹೊಸ ಏರ್ ಫಿಲ್ಟರ್' ಎಂದು ತಮ್ಮನು ಮೂರು ಸಲ ಬರೆಸಿದ್ದನು. ಮೂರು ಸಲವೂ ಅದರ ಮೇಲೆ ನನ್ನ ಕೈಯ ಗೀಟು ಇತ್ತು.

ರಿಪೇರಿ ನಡೆಯಿತು. ಚಾಚಾ ಕ್ರ್ಯಾಂಕನ್ನು ಅಳೆದು, ಅದು ಸರಿಯಾಗಿದೆ, ಮುಟ್ಟಬೇಕಾಗಿಲ್ಲವೆಂದರು. ಅರ್ಧ ಎಂಜಿನಿನ ಕೆಲಸವೇ ಸಾಕಾಯಿತು. ಧೂಳು ಆರಕ್ಕೂ ಹೊಕ್ಕಿದ್ದರಿಂದ ಆರಕ್ಕೂ ಹೊಸ ಲೈನರು, ಪಿಸ್ಟನ್ನು, ರಿಂಗು. ಪ್ರತಿಯೊಂದು ರಿಂಗಿನ ತುದಿಗಳ ಸಂದನ್ನೂ ಲೈನರಿನೊಳಗಿಟ್ಟು ಅಳೆದರು. ವಾಲ್ವುಗಳನ್ನು ಉಜ್ಜಿ ಕೂಡಿಸಿ, ಸೀಮೆಎಣ್ಣೆ ಸುರಿದು, ಜಿನುಗದಿರುವುದನ್ನು ನೋಡಿದರು. ಹೊಸ ಪ್ಯಾಕಿಂಗಿನ ಮೇಲೆ ಹೆಡ್ಡನ್ನಿಟ್ಟು, ನಡುವಿನ ಬೋಲ್ಟಿನಿಂದ ಅಂಚಿನತ್ತ, ಒಮ್ಮೆಗೇ ಅಲ್ಲ, ಮೂರು ಸುತ್ತಿನಲ್ಲಿ ಬಿಗಿದರು. ಎಲ್ಲಕ್ಕೂ ಮೊದಲು ಕೂಡಿಸಿದ್ದು ಮಾತ್ರ ಹೊಸ ಫಿಲ್ಟರು. ಕೊಳವೆಯ ಕ್ಲಿಪ್ಪುಗಳನ್ನು ತಮ್ಮನೇ ಬಿಗಿದನು. ಮತ್ತೆ ಅಳೆದಾಗ ಆರೂ ಸಿಲಿಂಡರುಗಳು 27, 28 ತೋರಿಸಿದವು.

ಮರುದಿನ ನಸುಕಿನಲ್ಲಿ ಲಾರಿ ಒಂದೇ ಸಲಕ್ಕೆ ಎದ್ದಿತು. ನಾನು ಬಾಗಿಲ ಬಳಿ ನಿಂತು, "ತಮ್ಮಾ, ಎಣ್ಣಿ ಮಾತು ನಾ ಅನಬಾರದಿತ್ತು. ತಪ್ಪು ನಂದು" ಎಂದೆನು. ಅವನು ಸ್ವಲ್ಪ ಹೊತ್ತು ಎಂಜಿನಿನ ಸದ್ದನ್ನೇ ಕೇಳುತ್ತಿದ್ದು, "ಸಂಜಿಗಿ ಬರ್ತೀನಿ. ಊಟಕ್ಕ ಕಾಯ್ರಿ ಅಣ್ಣಾ" ಎಂದು ಹೊರಟನು.

ಅಂದು ರಾತ್ರಿ ಅವ್ವ ಎರಡು ತಾಟುಗಳನ್ನು ಒತ್ತಟ್ಟಿಗೆ ಇಟ್ಟಳು. ಲೆಕ್ಕದ ಪುಸ್ತಕ ಈಗಲೂ ನನ್ನಲ್ಲಿಯೇ ಇದೆ. ಆದರೆ ಲಾರಿಯ ಪುಟದಲ್ಲಿ ಗೀಟು ಎಳೆಯುವ ಅಧಿಕಾರವನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದೇನೆ.