ಮುಂದಿನ ಭಾನುವಾರ ಅಂದಿದ್ದೆ

ನಮ್ಮ ಟೀಮಿನಲ್ಲಿ ಅಮೆರಿಕದವನೊಬ್ಬ ಇದಾನೆ. ವಿಡಿಯೊ ಕಾಲ್ ಮಾಡಿದಾಗಲೆಲ್ಲ ಅವನ ಹಿಂದಿನ ಶೆಲ್ಫಿನಲ್ಲಿ ಪುಟ್ಟ ಪುಟ್ಟ ಗಾಜಿನ ಪೆಟ್ಟಿಗೆಗಳು ಕಾಣಿಸ್ತವೆ. ಒಂದೊಂದರಲ್ಲೂ ಒಂದು ಬೇಸ್‌ಬಾಲ್ ಚೆಂಡು, ಅದರ ಮೇಲೆ ಒಬ್ಬ ಆಟಗಾರನ ಸಹಿ. ಒಂದನ್ನೂ ದುಡ್ಡು ಕೊಟ್ಟು ತಂದಿಲ್ಲವಂತೆ. ಪಂದ್ಯಕ್ಕೆ ಮುಂಚೆ ಆಟಗಾರರು ಪ್ರಾಕ್ಟೀಸ್ ಮಾಡುವ ಹೊತ್ತಿಗೇ ಹೋಗಿ, ಕಂಬಿ ಪಕ್ಕ ನಿಂತು, ಹೆಸರು ಹಿಡಿದು ಕರೆದು ಹಾಕಿಸಿಕೊಂಡದ್ದು. ಚೆಂಡಿನ ಎರಡು ಹೊಲಿಗೆ ಸಾಲುಗಳು ತೀರಾ ಹತ್ತಿರ ಬರುವ ಕಿರಿದಾದ ಜಾಗಕ್ಕೆ ‘ಸ್ವೀಟ್ ಸ್ಪಾಟ್’ ಅಂತಾರೆ. ಸಹಿ ಅಲ್ಲೇ ಬೀಳಬೇಕು, ನೀಲಿ ಬಾಲ್‌ಪೆನ್ನಿನಲ್ಲೇ ಇರಬೇಕು ಅಂತೆಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಕೇಳಿಯೂ ಬಿಟ್ಟ: “ನಿಮ್ಮೂರಿನ ಆಟಗಾರರದ್ದು ನಿನ್ನ ಹತ್ರ ಯಾರದ್ದಿದೆ?”

“ಸುನಿಲ್ ಛೆಟ್ರಿದು ಇದೆ” ಅಂದೆ. ಇನ್ನೊಂದು ಹೆಸರು ಬಾಯಿಗೆ ಬಂತು, ಹೇಳಲಿಲ್ಲ.

ಛೆಟ್ರಿ ಸಹಿ ಸಿಕ್ಕಿದ್ದು ಇಂಜಿನಿಯರಿಂಗ್ ಓದುವಾಗ. ಬೆಂಗಳೂರು ಎಫ್‌ಸಿ ಶುರುವಾಗಿದ್ದು 2013ರಲ್ಲಿ. ಮೊದಲ ವರ್ಷವೇ ಐ-ಲೀಗ್ ಗೆದ್ದುಬಿಟ್ಟಿತು. ಆಗ ಪಂದ್ಯಗಳು ನಡೀತಿದ್ದದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ. ಒಂದು ದಿನ ಆಟ ಮುಗಿದ ಮೇಲೆ ಗೇಟಿನ ಹತ್ರ ನಿಂತಿದ್ದೆ. ಛೆಟ್ರಿ ಬಂದರು. ಬ್ಯಾಗಿನೊಳಗೆ ಕೈ ಹಾಕಿದರೆ ಸಿಕ್ಕಿದ್ದು ಇಂಟರ್ನಲ್ಸ್‌ನ ಬ್ಲೂ ಬುಕ್ಕು. 25ಕ್ಕೆ 9 ಬಂದಿತ್ತು. ಅಪ್ಪನ ಸಹಿ ಹಾಕಿಸಿಕೊಂಡು ಬಾ ಅಂತ ಕೊಟ್ಟು ಕಳಿಸಿದ್ದು! ಕೊನೆಯ ಹಾಳೆಯಲ್ಲಿ ಛೆಟ್ರಿ ಸಹಿ ಬಿತ್ತು. ಮನೆಗೆ ಬಂದು ಅಪ್ಪನಿಗೆ ಮೊದಲು ಆ ಹಾಳೆ ತೋರಿಸಿದೆ, ಆಮೇಲೆ ಮಾರ್ಕ್ಸ್. ಅಪ್ಪ ಬೈಯಲೂ ಆಗದೆ, ನಗಲೂ ಆಗದೆ ಸಹಿ ಹಾಕಿದರು.

ಅಪ್ಪ ಹಲಸೂರಿನವರು, ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕಾರ್ಖಾನೆಗಳ ತಂಡಗಳು ಲೀಗ್ ಆಡುತ್ತಿದ್ದ ಕಾಲದಲ್ಲಿ ಒಂದು ಪಂದ್ಯವನ್ನೂ ಬಿಟ್ಟವರಲ್ಲ. ಆವತ್ತು ರಾತ್ರಿ ಊಟಕ್ಕೆ ಕೂತಾಗ ಅಂದರು: “ಛೆಟ್ರಿ ಸರಿ ಕಣೋ. ಅಹ್ಮದ್ ಖಾನ್ ನಮ್ಮೂರಲ್ಲೇ ಇದಾರೆ. ಒಂದ್ಸಲ ಹೋಗಿ ಕೈ ಮುಗಿದು, ಒಂದು ಸಹಿ ಹಾಕಿಸ್ಕೊಂಡು ಬರೋಣ.”

ಯಾರು ಅಹ್ಮದ್ ಖಾನ್? ನನಗೆ ಆಗ ಗೊತ್ತಿರಲಿಲ್ಲ.

1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ತಂಡ ಫ್ರಾನ್ಸ್ ಎದುರು 1-2ರಲ್ಲಿ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ಆಡಿದರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಅಭಿಮಾನಿಗಳು ತಮ್ಮ ಐದು ಜನ ಫಾರ್ವರ್ಡ್‌ಗಳನ್ನು ‘ಪಂಚಪಾಂಡವರು’ ಅಂತ ಕರೀತಿದ್ರು. ಆ ಐವರಲ್ಲಿ ಇವರೊಬ್ಬರು. ನಮ್ಮ ತಾತ ಅವರ ಆಟವನ್ನು ಕಣ್ಣಾರೆ ನೋಡಿದ್ದರಂತೆ. ಅಪ್ಪ ಕೇಳಿದ್ದು ತಾತನ ಬಾಯಿಂದ.

“ಹೋಗೋಣಪ್ಪ, ಮುಂದಿನ ಭಾನುವಾರ” ಅಂದೆ. ಆಮೇಲೆ ಸೆಮಿಸ್ಟರ್ ಪರೀಕ್ಷೆ ಬಂತು. ಪ್ಲೇಸ್‌ಮೆಂಟ್ ಬಂತು. ಕೆ.ಆರ್. ಪುರದ ಕಡೆ ಕೆಲಸ ಸಿಕ್ಕಿತು. ಸೋಮವಾರ ರಿಲೀಸ್ ಅಂದರೆ ಭಾನುವಾರವೂ ಲ್ಯಾಪ್‌ಟಾಪ್ ಮುಂದೆ. ಅಪ್ಪ ಮೂರು ತಿಂಗಳಿಗೊಮ್ಮೆ ನೆನಪಿಸುತ್ತಿದ್ದರು, ನಾನು ಮುಂದಿನ ಭಾನುವಾರ ಅನ್ನುತ್ತಿದ್ದೆ. ಹಲಸೂರಿನಿಂದ ಎಲ್ಲಿಗೆ ಹೋಗಬೇಕಿದ್ದರೂ ಇದೇ ಊರು ತಾನೇ, ಎಲ್ಲಿ ಓಡಿಹೋಗ್ತಾರೆ ಅನ್ನೋ ಧೈರ್ಯ.

2017ರ ಆಗಸ್ಟ್ ಕೊನೆಯಲ್ಲಿ ಅಹ್ಮದ್ ಖಾನ್ ತೀರಿಕೊಂಡರು. ಅವರಿಗೆ 90 ವರ್ಷವಾಗಿತ್ತು. ಬೆಳಿಗ್ಗೆ ಅಪ್ಪ ಪೇಪರ್ ಮಡಚಿ, ಆ ಸುದ್ದಿ ಮೇಲೆ ಬರುವ ಹಾಗೆ ನನ್ನ ತಿಂಡಿ ತಟ್ಟೆ ಪಕ್ಕ ಇಟ್ಟರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ಸಹಿ ಬೇಕಿದ್ದರೆ ಎಲ್ಲೋ ಹರಾಜಿನಲ್ಲಿ ಸಿಗಬಹುದು. ಆದರೆ ಅಪ್ಪನಿಗೆ ಬೇಕಿದ್ದದ್ದು ಅದಲ್ಲ. “ನಮ್ಮಪ್ಪ ನಿಮ್ಮ ಆಟ ನೋಡಿದ್ರು ಸಾರ್” ಅಂತ ಒಂದು ಮಾತು ಹೇಳಬೇಕಿತ್ತು. ನೋಟ್‌ಬುಕ್ಕು, ಪೆನ್ನು ಎಲ್ಲ ಆ ಮಾತಿಗೆ ಒಂದು ನೆಪ ಅಷ್ಟೇ. ಇದು ನನಗೆ ಹೊಳೆಯುವುದಕ್ಕೆ ವರ್ಷಗಳೇ ಹಿಡಿದವು.

2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಆದಮೇಲೆ. ಹಿಂದೆ ಗೆದ್ದಾಗ ನಮ್ಮದು ಇನ್ನೂ ಮೈಸೂರು ರಾಜ್ಯ. ಅಪ್ಪ ಖುಷಿ ತಡೆಯಲಾರದೆ “ಗೌತಮಪುರಕ್ಕೆ ಹೋಗಿಬರೋಣ ನಡಿ” ಅಂದರು. ಈ ಸಲ ನಾನು ಮುಂದಿನ ಭಾನುವಾರ ಅನ್ನಲಿಲ್ಲ, ಬೈಕಿನ ಕೀ ತಗೊಂಡೆ.

ಹಲಸೂರಿನ ಗೌತಮಪುರ ನೋಡದವರಿಗೆ ಒಂದು ಮಾತು: ಅಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಫುಟ್‌ಬಾಲ್ ಅಂದರೆ ಅಷ್ಟು ಜೀವ. ಅಲ್ಲೇ ಹತ್ತಿರ ಟೀ ಕುಡಿಯುತ್ತಿದ್ದ ಯಜಮಾನರೊಬ್ಬರನ್ನು ಅಪ್ಪ ದಿಟ್ಟಿಸಿ ನೋಡಿ, “ಇವರು ಲೀಗ್‌ನಲ್ಲಿ ಆಡ್ತಿದ್ರು” ಅಂತ ನನ್ನ ಕಿವಿಯಲ್ಲಿ ಹೇಳಿದರು. ನಾನು ಹೋಗಿ ನೋಟ್‌ಬುಕ್ ಚಾಚಿದೆ.

“ನನ್ ಸೈನ್ ಯಾಕೆ ತಂಬಿ? ಬ್ಯಾಂಕಲ್ಲಿ ಬಿಟ್ರೆ ಯಾರೂ ಕೇಳಿಲ್ಲ” ಅಂತ ನಕ್ಕರು. ಮುಜುಗರದಿಂದಲೇ ತಮಿಳಿನಲ್ಲಿ ಹೆಸರು ಬರೆದುಕೊಟ್ಟರು. ಆಗ ಅಪ್ಪ ಮುಂದೆ ಬಂದು, “ನಿಮ್ಮ ಎಡಗಾಲಿನ ಕಾರ್ನರ್ ಕಿಕ್ ನೋಡಿದೀನಿ ಸಾರ್. ಗೋಲ್‌ಕೀಪರ್ ಕೈಗೆ ಸಿಕ್ತಿರ್ಲಿಲ್ಲ” ಅಂದರು. ಯಜಮಾನರು ಟೀ ಲೋಟ ಕೆಳಗಿಟ್ಟು ನೋಟ್‌ಬುಕ್ಕನ್ನು ವಾಪಸ್ ಇಸಿದುಕೊಂಡರು. ಸಹಿಯ ಕೆಳಗೆ ತಂಡದ ಹೆಸರು, ಆಡಿದ ವರ್ಷಗಳು, ಕೊನೆಗೆ ‘ಲೆಫ್ಟ್ ಔಟ್’ ಅಂತ ನಿಧಾನವಾಗಿ ಬರೆದರು. ಆಮೇಲೆ ಇಬ್ಬರೂ ಒಂದು ಗಂಟೆ ಬಿಡದೆ ಮಾತಾಡಿದರು. ನಾನು ಮೂರು ಟೀ ಕುಡಿದೆ.

ಈಗ ಆ ನೋಟ್‌ಬುಕ್ಕಿನಲ್ಲಿ 11 ಸಹಿಗಳಿವೆ. ಹೆಚ್ಚಿನವರನ್ನು ಗೂಗಲ್ ಮಾಡಿದರೂ ಸಿಗಲ್ಲ. ಕೇಳುವ ರೀತಿಯನ್ನೂ ಸ್ವಲ್ಪ ಕಲಿತಿದ್ದೀನಿ. ಆಟಕ್ಕೆ ಇಳಿಯುವವರನ್ನು ತಡೆಯಬಾರದು, ಮುಗಿದ ಮೇಲೆ ಕೇಳಬೇಕು. ಪೆನ್ನಿನ ಕ್ಯಾಪ್ ಮೊದಲೇ ತೆಗೆದಿಟ್ಟುಕೊಂಡಿರಬೇಕು. ಒಂದೇ ಸಹಿ, ಐದಲ್ಲ. ಬೇಡ ಅಂದರೆ ನಮಸ್ಕಾರ ಹೇಳಿ ಬರಬೇಕು. ಎಲ್ಲಕ್ಕಿಂತ ಮೊದಲು, ಅವರ ಯಾವ ಆಟ ನೋಡಿದ್ದೀವಿ ಅಂತ ಹೇಳಬೇಕು. ಸೆಲ್ಫಿ ಆಮೇಲೆ.

ಮೊನ್ನೆ ಆ ಯಜಮಾನರು ಅಪ್ಪನಿಗೆ ಫೋನ್ ಮಾಡಿದ್ದರು. ಅವರ ತಂಡದ ಗೋಲ್‌ಕೀಪರ್ ಮರ್ಫಿ ಟೌನ್‌ನಲ್ಲಿದ್ದಾರಂತೆ, ಮಂಡಿ ನೋವು, ಹೊರಗೆ ಹೆಚ್ಚು ಬರೋದಿಲ್ಲವಂತೆ. “ಭಾನುವಾರ ಮಗನ್ನ ಕರ್ಕೊಂಡು ಬನ್ನಿ” ಅಂದಿದ್ದಾರೆ.

ಸೋಮವಾರ ರಿಲೀಸ್ ಇದೆ. ಭಾನುವಾರ ಬೆಳಿಗ್ಗೆ ಸಿಗಲ್ಲ ಅಂತ ಮ್ಯಾನೇಜರ್‌ಗೆ ಈಗಲೇ ಮೆಸೇಜ್ ಹಾಕಿದ್ದೀನಿ.