ಕೋಳಿ ಫೀಡಿಗೆ ಮನೆ ಅರಿಶಿನ

ನಮ್ಮದು ಗುಂಡ್ಲುಪೇಟೆ ಕಡೆಯ ಊರು, ಅರಿಶಿನ ಬೆಳೆಯುವ ಸೀಮೆ. ಮನೆ ಹಿಂದೆ ಐನೂರು ಬಾಯ್ಲರ್ ಕೋಳಿ ಹಿಡಿಯುವ ಶೆಡ್ ಇದೆ. ಕಂಪನಿ ಜೊತೆ ಒಪ್ಪಂದ ಮಾಡಿಕೊಂಡವರಿಗೆ ಮರಿ, ಫೀಡು, ಔಷಧಿ ಎಲ್ಲ ಅವರೇ ತಂದು ಇಳಿಸ್ತಾರೆ, ಅಲ್ಲಿ ನಮ್ಮ ಕೈವಾಡ ನಡೆಯಲ್ಲ. ನಾವು ಸ್ವಂತಕ್ಕೆ ಸಾಕುವವರು. ಬಂದ ಲಾಭವೂ ನಮ್ಮದೇ, ಸತ್ತ ಕೋಳಿಯೂ ನಮ್ಮದೇ.

ಮರಿ ತಂದ ದಿನವೇ ಫೀಡ್ ಅಂಗಡಿಯವರು ಒಂದು ಆಂಟಿಬಯಾಟಿಕ್ ಬಾಟಲಿ ಕೈಗಿಡೋದು ನಮ್ಮ ಕಡೆ ರೂಢಿ. ಕಾಯಿಲೆ ಇರಲಿ ಬಿಡಲಿ, "ಸೇಫ್ಟಿಗೆ ಇರಲಿ ಬಿಡಿ" ಅಂತಾರೆ. ಹೋದ ವರ್ಷ ನಮ್ಮತ್ತೆಗೆ ಮೂತ್ರದ ಸೋಂಕಾಯ್ತು. ಎರಡು ಥರದ ಮಾತ್ರೆ ನುಂಗಿದರೂ ಜ್ವರ ಇಳಿಯಲಿಲ್ಲ. ಕಲ್ಚರ್ ಟೆಸ್ಟ್ ರಿಪೋರ್ಟಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಮುಂದೆ 'ರೆಸಿಸ್ಟೆಂಟ್' ಅಂತ ಬರೆದಿತ್ತು, ಅಂದರೆ ಆ ಔಷಧಿಗೆ ರೋಗಾಣು ಬಗ್ಗಲ್ಲ ಅಂತ. ನಮ್ಮ ಶೆಡ್ಡಿನ ಗೂಡಿನಲ್ಲಿದ್ದ ಬಾಟಲಿ ಎನ್ರೊಫ್ಲಾಕ್ಸಾಸಿನ್. ಎರಡೂ ಒಂದೇ ಕುಟುಂಬದ ಔಷಧಿ. ಅತ್ತೆಯ ಕಾಯಿಲೆ ಕೋಳಿಯಿಂದಲೇ ಬಂತು ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳೋಕೆ ಆಧಾರವೂ ಇಲ್ಲ. ಆದರೆ ಆ ಎರಡು ಹೆಸರು ಅಕ್ಕಪಕ್ಕ ಕಂಡ ಮೇಲೆ, ರೋಗವೇ ಇಲ್ಲದ ಮರಿಗೆ ಬಾಟಲಿ ಬಗ್ಗಿಸೋಕೆ ಕೈ ಬರಲಿಲ್ಲ.

ಮನುಷ್ಯರಿಗೆ ಬೇರೆ ಯಾವುದೂ ನಾಟದಿದ್ದಾಗ ಕೊಡುವ ಕೊಲಿಸ್ಟಿನ್ ಔಷಧಿಯನ್ನೂ ಕೋಳಿಗೆ ಬಳಸ್ತಿದ್ದರು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಯುರೋಪಿನಲ್ಲಂತೂ ಬೇಗ ಬೆಳೆಯಲಿ ಅಂತ ಫೀಡಿಗೆ ಆಂಟಿಬಯಾಟಿಕ್ ಬೆರೆಸೋದು 2006ರಿಂದಲೇ ಬಂದ್.

"ಮಕ್ಕಳಿಗೆ ಹೊಟ್ಟೆ ಕೆಟ್ರೆ ಏನ್ ಕೊಡ್ತಿದ್ವೋ ಅದನ್ನೇ ಕೊಡವ್ವ, ಕೋಳಿಗೇನು ಬೇರೆ ಹೊಟ್ಟೆಯಾ?" ಅಂದರು ಅತ್ತೆ. ಹುಷಾರಾಗಿ ಎದ್ದು ಕೂತ ಮೇಲೆ ಅವರದೇ ಉಸ್ತುವಾರಿ. ಅರಿಶಿನದ ಕೊಂಬನ್ನು ನಾವೇ ಮಿಲ್ಲಿಗೆ ಕೊಟ್ಟು ಪುಡಿ ಮಾಡಿಸ್ತೀವಿ. ಪೇಟೆಯ ಅಗ್ಗದ ಪುಡಿಗೆ ಬಣ್ಣ ಬೆರೆಸಿರ್ತಾರೆ, ಅದರಲ್ಲಿ ಸೀಸವೂ ಇರಬಹುದು. ಕೆಜಿ ಫೀಡಿಗೆ 5 ಗ್ರಾಂ, ಅಂದರೆ 50 ಕೆಜಿ ಚೀಲಕ್ಕೆ ಕಾಲು ಕೆಜಿ. ಜೊತೆಗೆ ಚಿಟಿಕೆ ಕಾಳುಮೆಣಸಿನ ಪುಡಿ. ಅರಿಶಿನದ ಸತ್ವ ಮೈಗೆ ಹತ್ತೋದು ಕಷ್ಟ, ಮೆಣಸು ಇದ್ದರೆ ಸ್ವಲ್ಪ ಸಲೀಸು. ಬೆಳ್ಳುಳ್ಳಿ ಜಜ್ಜಿ ಕುಡಿಯುವ ನೀರಿಗೆ. ನೆರಳಲ್ಲಿ ಒಣಗಿಸಿದ ತುಳಸಿ, ನೆಲನೆಲ್ಲಿ ಒಂದೊಂದು ಹಿಡಿ. ಬೇವು ಮಾತ್ರ ಹಾಕಲ್ಲ. ಕಹಿಗೆ ಕೋಳಿ ಮೇವು ಬಿಡುತ್ತೆ. ನಲವತ್ತು ದಿನದಲ್ಲಿ ಎರಡು ಕೆಜಿ ಬರಬೇಕಾದ ಕೋಳಿ ಎರಡು ದಿನ ಮೇವು ಬಿಟ್ಟರೂ ನಷ್ಟವೇ.

ಒಂದು ಕೋಳಿ ಮಾರೋ ಹೊತ್ತಿಗೆ ಮೂರೂವರೆ ಕೆಜಿಯಷ್ಟು ಫೀಡ್ ತಿನ್ನುತ್ತೆ. ಐನೂರಕ್ಕೆ 35 ಚೀಲ, ಅದಕ್ಕೆ ಒಂಬತ್ತು ಕೆಜಿ ಹತ್ತಿರ ಅರಿಶಿನ. ನಮ್ಮ ಹೊಲದ್ದೇ ಆದ್ದರಿಂದ ಯಜಮಾನರು ಸುಮ್ಮನಿದ್ದಾರೆ. ಕೊಂಡು ಹಾಕೋದಾಗಿದ್ರೆ ಮನೇಲಿ ಲೆಕ್ಕಾಚಾರದ ಜಗಳ ಆಗ್ತಿತ್ತು.

ಮೊದಲ ಬ್ಯಾಚಿನಲ್ಲಿ ಶೆಡ್ಡಿಗೆ ಅಡ್ಡ ಬಲೆ ಕಟ್ಟಿ ಅರ್ಧಕ್ಕೆ ಪುಡಿ ಹಾಕಿದೆ, ಅರ್ಧಕ್ಕೆ ಬರೀ ಫೀಡ್. ತೂಕದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ. ಪುಡಿ ತಿಂದ ಕಡೆ ಹಿಕ್ಕೆ ಗಟ್ಟಿಯಾಗಿತ್ತು, ಕೆಳಗಿನ ಹೊಟ್ಟು ಒಣಗಿಕೊಂಡಿತ್ತು, ಮೂಗಿಗೆ ಹೊಡೆಯೋ ಘಾಟು ಕಮ್ಮಿ. ಅಷ್ಟೇ. ಎರಡೂ ಕಡೆ ಆಂಟಿಬಯಾಟಿಕ್ ಇಲ್ಲದೆಯೇ ಬ್ಯಾಚ್ ಮುಗಿಯಿತು. ನನಗೆ ಬೇಕಿದ್ದದ್ದೂ ಅದೇ. ಅದರಲ್ಲಿ ಅರಿಶಿನದ ಪಾಲು ಎಷ್ಟು, ದಿನಾ ನೀರಿನ ಬಟ್ಟಲು ತೊಳೆದು ಹೊಟ್ಟು ಕೆದಕಿದ್ದರ ಪಾಲು ಎಷ್ಟು ಅಂತ ಯಾರಾದರೂ ಕೇಳಿದರೆ, ಎರಡನೆಯದೇ ದೊಡ್ಡದು ಅಂತೀನಿ.

ಲಸಿಕೆ ಮಾತ್ರ ಬಿಡೋ ಹಾಗೇ ಇಲ್ಲ. ಏಳನೇ ದಿನಕ್ಕೆ ಕೊಕ್ಕರೆ ರೋಗದ್ದು, ಹದಿನಾಲ್ಕಕ್ಕೆ ಗುಂಬೊರೊ. ಕೊಕ್ಕರೆ ರೋಗ ನುಗ್ಗಿದರೆ ಯಾವ ತುಳಸಿಯೂ ತಡೆಯಲ್ಲ, ಆಂಟಿಬಯಾಟಿಕ್ಕೂ ತಡೆಯಲ್ಲ, ಅದು ವೈರಸ್. ಹಿಕ್ಕೆಯಲ್ಲಿ ರಕ್ತ ಕಂಡರೆ ಕಷಾಯ ಕುದಿಸುತ್ತಾ ಕೂರದೆ ಪಶುವೈದ್ಯರಿಗೆ ಫೋನ್ ಮಾಡಬೇಕು. ಅವರು ಔಷಧಿ ಬರೆದುಕೊಟ್ಟರೆ ಕೊಡ್ತೀನಿ, ಎಷ್ಟು ದಿನ ಮಾರಬಾರದು ಅಂತಾರೋ ಅಷ್ಟು ದಿನ ಮಾರಲ್ಲ.

ಕೋಳಿ ತುಂಬಿಕೊಂಡು ಹೋಗುವ ವ್ಯಾಪಾರಿ ತಕ್ಕಡಿ ನೋಡ್ತಾನೆಯೇ ಹೊರತು ಏನು ತಿನ್ನಿಸಿದ್ರಿ ಅಂತ ಕೇಳಲ್ಲ, ಅರಿಶಿನಕ್ಕೆ ಒಂದು ಪೈಸೆ ಜಾಸ್ತಿ ಕೊಡಲ್ಲ. ಊರಿನ ನಾಲ್ಕಾರು ಮನೆಯವರು ಮಾತ್ರ ಈಗ ಭಾನುವಾರಕ್ಕೆ ನಮ್ಮಲ್ಲೇ ಹೇಳಿಟ್ಟು ಹೋಗ್ತಾರೆ.

ಮಾಡಿ ನೋಡುವವರಿಗೆ ಒಂದು ಮಾತು: ನೆಲನೆಲ್ಲಿ ಬೇಸಿಗೆಯಲ್ಲಿ ಸಿಗಲ್ಲ, ಮಳೆಗಾಲದಲ್ಲೇ ಕಿತ್ತು ಗರಿಗರಿ ಆಗುವಂತೆ ಒಣಗಿಸಿ ಡಬ್ಬಕ್ಕೆ ತುಂಬಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತೆ. ಅಂಥ ಪುಡಿಯನ್ನು ತಿಪ್ಪೆಗೆ ಹಾಕಿ, ಕೋಳಿಗೆ ಬೇಡ.