ಕಾರಾಪುರದ ಮಾವುತನ ಮಗ

ಯಾತ್ರೆಯೆಂದರೆ ಕಾಶಿಗೋ ರಾಮೇಶ್ವರಕ್ಕೋ ಹೋಗಿ ಬರುವುದೆಂದು ನಮ್ಮಲ್ಲಿ ರೂಢಿ. ನಾನು ಈ ಆಷಾಢದಲ್ಲಿ ಮಾಡಿದ ಯಾತ್ರೆ ಎರಡೇ ದಿನದ್ದು. ಅದರಲ್ಲಿಯೂ ಮೊದಲ ದಿನವೆಲ್ಲ ಹುಣಸೂರಿನ ನಮ್ಮ ಮನೆಯ ನಡುಮನೆಯಲ್ಲಿ, ಒರಗುಕುರ್ಚಿಯ ಮೇಲೆಯೇ ಕಳೆದುಹೋಯಿತು. ಎರಡನೆಯ ದಿನ ಹೆಗ್ಗಡದೇವನಕೋಟೆಯನ್ನು ದಾಟಿ ಕಬಿನಿಯ ದಂಡೆಯವರೆಗೆ ಹೋದೆನು. ವಾಚಕರು ಇದನ್ನು ಯಾತ್ರೆಯೆಂದು ಒಪ್ಪುವರೋ ಇಲ್ಲವೋ ತಿಳಿಯದು. ನನ್ನ ಮಟ್ಟಿಗಂತೂ ಇದು ಯಾತ್ರೆಯೇ ಆಯಿತು.

ಆ ಭಾನುವಾರ ಬೆಳಗಿನಿಂದಲೇ ಜಡಿಮಳೆ. ಲಕ್ಷ್ಮಣತೀರ್ಥ ಕೆಂಪಗೆ ಹರಿಯುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗನು ಟೆಲಿವಿಷನ್ನಿನ ಮುಂದೆ ಕುಳಿತು, "ತಾತ, ಇವೊತ್ತು ಪೂರ್ತಿ ಹಳೇ ಹಾಲಿವುಡ್ ಚಿತ್ರಗಳೇ. ನಾಲ್ಕು ಚಿತ್ರ. ನಾಲ್ಕರಲ್ಲೂ ಒಬ್ಬನೇ ಹುಡುಗ. ಅವನು ನಮ್ಮ ಕೋಟೆ ಕಡೆಯೋನು" ಎಂದನು. ಕೋಟೆಯೆಂದರೆ ನಮ್ಮ ಸೀಮೆಯಲ್ಲಿ ಹೆಗ್ಗಡದೇವನಕೋಟೆ. ಹುಡುಗಾಟವೆಂದುಕೊಂಡು ನಾನು ಪತ್ರಿಕೆಯನ್ನು ಮಡಿಸಲಿಲ್ಲ. ಮೊದಲನೆಯ ಚಿತ್ರದಲ್ಲಿ ಆನೆ ಕಾಣಿಸಿಕೊಂಡ ಮೇಲೆ ಮಡಿಸಿದೆನು.

ಆ ಹುಡುಗನ ಹೆಸರು ಸಾಬು. ೧೯೨೪ನೆಯ ಇಸವಿ ಜನವರಿ ೨೭ರಂದು ಕಾರಾಪುರದಲ್ಲಿ ಹುಟ್ಟಿದವನು. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಚಿತ್ರ 'ಎಲಿಫೆಂಟ್ ಬಾಯ್', ೧೯೩೭ರದು. ನಿಜವಾಗಿ ನೋಡಿದರೆ ಇದು ಹಾಲಿವುಡ್ಡಿನದಲ್ಲ, ಲಂಡನ್ನಿನ ಅಲೆಕ್ಸಾಂಡರ್ ಕೊರ್ಡಾ ಎಂಬವರ ಸಂಸ್ಥೆಯದು; ಆದರೆ ಹಾಲಿವುಡ್ಡಿನ ಬಾಗಿಲು ಆ ಹುಡುಗನಿಗೆ ತೆರೆದದ್ದು ಇದರಿಂದಲೇ. ಕಿಪ್ಲಿಂಗನ ಪುಟ್ಟ ಕಥೆಯೊಂದನ್ನು ಹಿಡಿದುಕೊಂಡು ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ಚಿತ್ರಕಾರರು ೧೯೩೫ರಲ್ಲಿ ಹೆಂಡತಿ ಮಗಳೊಡನೆ ಮೈಸೂರಿಗೆ ಬಂದರು. ಹಿಮಪ್ರದೇಶದ ಎಸ್ಕಿಮೋ ಜನರ ಬಾಳನ್ನು ೧೯೨೨ರಲ್ಲಿ ಚಿತ್ರಿಸಿ ಹೆಸರಾದವರು ಅವರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಬೀಡಾರಕ್ಕೆಂದು ಚಿತ್ತರಂಜನ ಮಹಲನ್ನು ಬಿಟ್ಟುಕೊಟ್ಟರು. ಮುಂದೆ ಅದು ಪ್ರೀಮಿಯರ್ ಸ್ಟುಡಿಯೋಗೆ ಸೇರಿ, ಆಮೇಲೆ ಹೋಟೆಲಾಯಿತು. ಹುಣಸೂರಿನಿಂದ ಮೈಸೂರಿಗೆ ಹೋಗುವ ರಸ್ತೆಯಲ್ಲಿಯೇ ಇದೆ. ನಲವತ್ತು ವರ್ಷ ಬಸ್ಸಿನ ಕಿಟಕಿಯಿಂದ ಆ ಕಟ್ಟಡವನ್ನು ನೋಡುತ್ತ ಹೋಗಿರುವೆನು. ಒಮ್ಮೆಯೂ ಏನೆಂದು ಕೇಳಲಿಲ್ಲ.

ಮೊಮ್ಮಗನ ಕೈಯಲ್ಲಿ ಫೋನು. ಚಿತ್ರವನ್ನು ನಡುನಡುವೆ ನಿಲ್ಲಿಸಿ, ತೆರೆಯ ಹಿಂದಿನ ಸಂಗತಿಗಳನ್ನು ಓದಿ ಹೇಳುವುದು ಅವನ ಪದ್ಧತಿ. ಪುರಾಣ ಓದುವವರ ಪಕ್ಕದಲ್ಲಿ ಅರ್ಥ ಹೇಳುವವರು ಕುಳಿತಿರುವಂತೆ. ಫ್ಲಾಹರ್ಟಿಯವರು ಒಂದು ವರ್ಷಕ್ಕೂ ಮಿಗಿಲಾಗಿ ಇಲ್ಲಿದ್ದು ಸುಮಾರು ೫೫ ಗಂಟೆ ಓಡುವಷ್ಟು ಫಿಲ್ಮನ್ನು ತೆಗೆದರಂತೆ. ಕೊನೆಗೆ ಉಳಿದ ಚಿತ್ರ ಒಂದೂವರೆ ಗಂಟೆಯೂ ಇಲ್ಲ. ಕಥೆ ಸಾಲದೆಂದು ಕೊರ್ಡಾ ತಮ್ಮ ಸಹೋದರ ಜೋಲ್ಟನ್ ಕೊರ್ಡಾರನ್ನು ನಿರ್ದೇಶನಕ್ಕೆ ಸೇರಿಸಿ, ಹುಡುಗನನ್ನು ಇಂಗ್ಲೆಂಡಿಗೆ ಕರೆಸಿಕೊಂಡು, ಉಳಿದ ಭಾಗವನ್ನು ಡೆನ್ಹಾಮಿನ ಸ್ಟುಡಿಯೋದಲ್ಲಿ ಮುಗಿಸಿದರು. ಹೀಗೆ ಎರಡು ಕೈಯ ಅಡಿಗೆಯಾದ ಚಿತ್ರಕ್ಕೆ ವೆನಿಸ್ ನಗರದ ಉತ್ಸವದಲ್ಲಿ ಉತ್ತಮ ನಿರ್ದೇಶನದ ಬಹುಮಾನ ಬಂದಿತು.

ಎರಡು ಕೈಯದೆಂಬುದು ನೋಡುವವರಿಗೆ ತಿಳಿಯುತ್ತದೆ. ದೊರೆಗಳು ಡೇರೆಯಲ್ಲಿ ಕುಳಿತು ಮಾತನಾಡುವ ಭಾಗವೆಲ್ಲ ನಾಟಕದ ಹಾಗೆ. ಆದರೆ ಹುಡುಗನು ಆನೆಯೊಡನೆ ನೀರಿಗಿಳಿದಾಗ, ಆ ಹೊಳೆ, ಆ ಬಿದಿರು, ಆ ಬೆಳಕು ನಮ್ಮವು. ಐರಾವತವೆಂಬ ಹೆಸರಿನ ಆನೆ ಚಿತ್ರದಲ್ಲಿ ಕಾಲಾನಾಗನ ಪಾತ್ರ ಮಾಡಿದೆ. ಇಂದ್ರನ ಆನೆಗೆ ಕರಿನಾಗರನ ಹೆಸರನ್ನಿಟ್ಟು ಆಡಿಸಿದರಲ್ಲ ಎಂದು ನನಗೆ ನಗು ಬಂದಿತು. ಹುಡುಗನು ಸೊಂಡಿಲಿನ ಮೇಲೆ ಕಾಲಿಟ್ಟು ಕುಂಭಸ್ಥಲಕ್ಕೆ ಏರುವ ರೀತಿಯನ್ನು ನೋಡಿ ನನ್ನ ಹೆಂಡತಿಯು, "ಇಷ್ಟು ಚಿಕ್ಕ ಮಗುವನ್ನು ಅಷ್ಟು ದೊಡ್ಡ ಆನೆಯ ಜೊತೆ ಬಿಟ್ಟಿದ್ದಾರೆ, ತಾಯಿ ಇಲ್ಲದವನೋ ಏನೋ ಪಾಪ" ಎಂದಳು. ಮೊಮ್ಮಗನು ಓದಿ ನೋಡಿದನು. ಅಜ್ಜಿಯ ಮಾತು ನಿಜವಾಗಿತ್ತು. ತಾಯಿ ಹಸುಗೂಸಿನಲ್ಲಿಯೇ ತೀರಿಕೊಂಡಿದ್ದಳು. ತಂದೆಯೂ ಹೋದ ಮೇಲೆ ಹುಡುಗನು ಅರಮನೆಯ ಆನೆಲಾಯದಲ್ಲಿ ಬೆಳೆಯುತ್ತಿದ್ದಾಗ, ಚಿತ್ರದ ಛಾಯಾಗ್ರಾಹಕರಾದ ಬೊರಡೇಲ್ ಎಂಬವರ ಕಣ್ಣಿಗೆ ಬಿದ್ದನು.

ನಮ್ಮ ಗಜಶಾಸ್ತ್ರವನ್ನು ಹೇಳಿದ ಪಾಲಕಾಪ್ಯ ಮುನಿಯ ಕಥೆ ನನಗೆ ಆಗ ನೆನಪಿಗೆ ಬಂದಿತು. ಆತನು ಹೆಣ್ಣಾನೆಯ ಹೊಟ್ಟೆಯಲ್ಲಿ ಹುಟ್ಟಿ ಆನೆಗಳ ಹಿಂಡಿನಲ್ಲಿಯೇ ಬೆಳೆದವನು. ಅಂಗದೇಶದ ರೋಮಪಾದ ರಾಜನು ಹಿಂಡನ್ನು ಹಿಡಿಸಿ ಚಂಪಾನಗರಕ್ಕೆ ತಂದಾಗ, ಮುನಿಯು ಹಿಂಬಾಲಿಸಿ ಬಂದು, ಗಾಯಗೊಂಡ ಆನೆಗಳಿಗೆ ಮೌನವಾಗಿ ಮದ್ದು ಹಚ್ಚುತ್ತ ನಿಂತನಂತೆ. ಈ ಕಥೆಯನ್ನು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತಿದ್ದೆನು. ಅದರಲ್ಲಿ ಹನ್ನೊಂದು ವರ್ಷ ಹೇಳಿದ್ದು ಕೋಟೆ ತಾಲ್ಲೂಕಿನ ಶಾಲೆಯಲ್ಲಿ, ಕಾರಾಪುರದಿಂದ ಬಹು ದೂರವಲ್ಲದ ಸ್ಥಳದಲ್ಲಿ.

ಊಟವಾದ ಮೇಲೆ 'ಥೀಫ್ ಆಫ್ ಬಾಗ್ದಾದ್', ೧೯೪೦ರದು. ಇಂಗ್ಲೆಂಡಿನಲ್ಲಿ ಆರಂಭವಾಗಿ, ಯುದ್ಧ ಬಂದುದರಿಂದ ಅಮೆರಿಕದಲ್ಲಿ ಮುಗಿದ ಚಿತ್ರ. ಅರಬ್ಬೀ ನಾಡಿನ ಬಂಡೆಬೆಟ್ಟಗಳೆಂದು ತೋರಿಸಿರುವುದು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರ. ನೀಲಿ ಪರದೆಯ ಮುಂದೆ ನಟರನ್ನು ನಿಲ್ಲಿಸಿ, ಆ ನೀಲಿಯನ್ನು ತೆಗೆದು ಬೇರೆ ದೃಶ್ಯವನ್ನು ಕೂಡಿಸುವ ಉಪಾಯವನ್ನು ಲಾರಿ ಬಟ್ಲರ್ ಎಂಬವರು ಈ ಚಿತ್ರಕ್ಕಾಗಿ ರೂಢಿಸಿದರು. ಸೀಸೆಯೊಳಗಿನಿಂದ ಹೊಗೆಯಾಗಿ ಎದ್ದ ಭೂತವು ಆಕಾಶದಷ್ಟು ಬೆಳೆದು ನಿಂತಾಗ, ಅದರ ಪಾದದ ಬಳಿ ಕಾರಾಪುರದ ಹುಡುಗನು ಇರುವೆಯಷ್ಟು ಕಾಣುವನು. ಕುಯುಕ್ತಿಯಿಂದ ಭೂತವನ್ನು ಮರಳಿ ಸೀಸೆಗೆ ತುಂಬುವ ಭಾಗವಂತೂ ನಮ್ಮ ಪಂಚತಂತ್ರಕ್ಕೆ ಸೇರಬೇಕಾದದ್ದು. ಛಾಯಾಗ್ರಹಣ, ಕಲೆ, ಚಮತ್ಕಾರ, ಈ ಮೂರಕ್ಕೂ ಆಸ್ಕರ್ ಬಹುಮಾನ ದೊರೆಯಿತು.

ಮೂರನೆಯದು ೧೯೪೨ರ 'ಜಂಗಲ್ ಬುಕ್'. ಕಾಡು ಕ್ಯಾಲಿಫೋರ್ನಿಯದ್ದು. ಹೆಬ್ಬಾವು ರಬ್ಬರಿನದು, ನಾವು ಹೇಳುವ ಮೊದಲೇ ತಿಳಿಯುವಷ್ಟು ರಬ್ಬರಿನದು. ಇದರ ಸಂಗೀತವನ್ನು ಸಾಬುವಿನ ಕಥನದೊಡನೆ ಗ್ರಾಮಫೋನ್ ತಟ್ಟೆಗಳಾಗಿ ಮಾರಿದರು. ಅಮೆರಿಕದಲ್ಲಿ ಚಿತ್ರದ ಹಿನ್ನೆಲೆ ಸಂಗೀತವು ಹಾಗೆ ತಟ್ಟೆಯಾಗಿ ಬಂದದ್ದು ಅದೇ ಮೊದಲಂತೆ. ಹದಿನೆಂಟು ವರ್ಷದ ಯುವಕನನ್ನು ಇನ್ನೂ ಲಂಗೋಟಿಯಲ್ಲಿಯೇ ಮರ ಹತ್ತಿಸಿದ್ದನ್ನು ಕಂಡು ನನಗೆ ಅಷ್ಟು ಹಿತವಾಗಲಿಲ್ಲ.

ದೀಪ ಹಚ್ಚಿದ ಮೇಲೆ ನೋಡಿದ್ದು ೧೯೪೭ರ 'ಬ್ಲ್ಯಾಕ್ ನಾರ್ಸಿಸಸ್'. ಹಿಮಾಲಯದ ಪ್ರಪಾತ, ಕೆಳಗೆ ಮೋಡ, ಅಂಚಿನಲ್ಲಿ ಗಂಟೆಯ ಗೋಪುರ. ನೋಡಿದವರಿಗೆ ತಲೆ ತಿರುಗಬೇಕು. ಎಲ್ಲವೂ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ, ಗಾಜಿನ ಮೇಲೆ ಬರೆದ ಬಣ್ಣ! ಚಿತ್ರದ ಹೆಸರು, ಸಾಬು ನಟಿಸಿದ ಯುವರಾಜನು ಲೇಪಿಸಿಕೊಳ್ಳುವ ಅತ್ತರಿನ ಹೆಸರು. ಅವನ ಜೊತೆಯ ಹುಡುಗಿಯಾಗಿ ಜೀನ್ ಸಿಮನ್ಸ್ ಎಂಬ ಇಂಗ್ಲಿಷ್ ನಟಿ ಕಂದು ಬಣ್ಣ ಬಳಿದುಕೊಂಡು ಬಂದಿದ್ದಾಳೆ. ಬೆಟ್ಟ ಸುಳ್ಳು, ಹುಡುಗಿ ಸುಳ್ಳು. ಆ ಜೋಡಿಯಲ್ಲಿ ನಿಜವಾಗಿ ಈ ದೇಶದವನು ಇವನೊಬ್ಬನೇ.

ಉಳಿದದ್ದನ್ನು ಮೊಮ್ಮಗನು ಊಟದ ಎಲೆಯ ಮುಂದೆ ಹೇಳಿದನು. ಸಾಬು ೧೯೪೪ರಲ್ಲಿ ಅಮೆರಿಕದ ಪೌರನಾಗಿ, ಅಲ್ಲಿನ ವಾಯುಪಡೆಗೆ ಸೇರಿ, ಬಾಂಬರ್ ವಿಮಾನದಲ್ಲಿ ಕೋವಿಯ ಹಿಂದೆ ಕುಳಿತು ಪೆಸಿಫಿಕ್ ಸಾಗರದ ಮೇಲೆ ಯುದ್ಧ ಮಾಡಿ, ಶೌರ್ಯಪದಕವನ್ನು ಪಡೆದನು. ೧೯೪೮ರಲ್ಲಿ ಮದುವೆಯಾಯಿತು, ಒಂದು ಗಂಡು, ಒಂದು ಹೆಣ್ಣು. ಯುದ್ಧದ ಮೇಲೆ ಒಳ್ಳೆಯ ಪಾತ್ರಗಳು ವಿರಳವಾದವು. ಆಗ ಮುಂಬಯಿಯ ಮೆಹಬೂಬ್ ಖಾನರು 'ಮದರ್ ಇಂಡಿಯಾ' ಚಿತ್ರದಲ್ಲಿ ಕಿರಿಯ ಮಗ ಬಿರ್ಜೂವಿನ ಪಾತ್ರಕ್ಕೆ ಅವನನ್ನು ಕರೆಸಿಕೊಂಡರು. ಬಂದನು, ಹೋಟೆಲಿನಲ್ಲಿ ಇಳಿದು ಕಾದನು. ಚಿತ್ರ ತಡವಾಯಿತು. ಅಮೆರಿಕದ ಪೌರನಾದ್ದರಿಂದ ಇಲ್ಲಿ ಕೆಲಸ ಮಾಡುವುದಕ್ಕೆ ಪರವಾನಗಿ ಬೇಕು. ಅದೂ ತೊಡಕಾಗಿ, ಕೊನೆಗೆ ಪಾತ್ರ ಸುನಿಲ್ ದತ್ತರಿಗೆ ಹೋಯಿತು. ಕಬಿನಿಯ ನೀರು ಕುಡಿದು ಬೆಳೆದವನಿಗೆ ಭಾರತದಲ್ಲಿ ಕೆಲಸ ಮಾಡಲು ಪರವಾನಗಿ! ೧೯೬೩ನೆಯ ಡಿಸೆಂಬರ್ ೨ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತವಾಗಿ ತೀರಿಕೊಂಡಾಗ ಅವನಿಗೆ ಮೂವತ್ತೊಂಬತ್ತು ವರ್ಷ.

"ತಾತ, ನೀವು ಕೋಟೆಯಲ್ಲಿ ಪಾಠ ಹೇಳುವಾಗ ಇವನ ವಿಷಯ ಮಕ್ಕಳಿಗೆ ಹೇಳಿದ್ದಿರಾ?" ಎಂದು ಹುಡುಗನು ಕೇಳಿದನು. ನಾನು ಮಜ್ಜಿಗೆಗೆ ಉಪ್ಪು ಕೇಳಿದೆನು.

ಮಾರನೆಯ ದಿನ ಶಾಲೆಗೆ ರಜೆಯಿತ್ತು. ಇಬ್ಬರೂ ಬೆಳಗಿನ ಬಸ್ಸು ಹಿಡಿದೆವು. ಹುಣಸೂರಿನ ಸುತ್ತ ಹೊಗೆಸೊಪ್ಪಿನ ಹೊಲಗಳು, ನಡುವೆ ಸೊಪ್ಪು ಬೇಯಿಸುವ ಬ್ಯಾರನ್ ಮನೆಗಳ ಎತ್ತರದ ಗೋಡೆಗಳು. ಕೋಟೆಯ ಕಡೆಗೆ ತಿರುಗಿದಂತೆ ಹತ್ತಿ, ರಾಗಿ, ಕಪ್ಪು ಮಣ್ಣು. ಕೋಟೆಯಲ್ಲಿ ಇಡ್ಲಿ ತಿಂದು, ಮಾನಂದವಾಡಿ ರಸ್ತೆಯಲ್ಲಿ ಅಂತರಸಂತೆಗೆ ಬಂದೆವು. ಪುನ್ನಾಟ ರಾಜರ ಕಿತ್ತೂರು ಇದೇ ಸೀಮೆಯದು. ಪುನ್ನಾಟದ ಹೆಸರನ್ನು ಯವನರ ಟಾಲೆಮಿಯೂ ಬರೆದಿಟ್ಟಿದ್ದಾನೆ. ಇದನ್ನು ಮಾತ್ರ ನಾನು ಮಕ್ಕಳಿಗೆ ತಪ್ಪದೆ ಹೇಳಿದ್ದೇನೆ.

ಅಂತರಸಂತೆಯಲ್ಲಿ ಅಂಗಡಿಯಿಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬನು ತನ್ನ ವಾಹನದಲ್ಲಿ ಕಾರಾಪುರಕ್ಕೆ ಕರೆದೊಯ್ದನು. "ಸಾಬು ಅಂತಲೇ ಮೇಷ್ಟ್ರೇ? ನಮ್ಮೂರ ಪಕ್ಕದವನು ಅಂತೀರಾ? ಯಾರೂ ಹೇಳಲೇ ಇಲ್ಲವಲ್ಲ!" ಎಂದನು. ಅವನಿಗೆ ಮೂರು ವರ್ಷ ಪಾಠ ಹೇಳಿದವನು ನಾನೇ.

ಕಾರಾಪುರದಲ್ಲಿ ಈಗ ಕಾಡು ನೋಡಲು ಬರುವ ಸಿರಿವಂತರ ವಸತಿಗೃಹಗಳು. ಅವುಗಳನ್ನು ದಾಟಿ ಇಳಿದರೆ ಕಬಿನಿಯ ಹಿನ್ನೀರು, ಕಣ್ಣು ಹಾಯುವವರೆಗೂ. ೧೯೭೪ರಲ್ಲಿ ಅಣೆಕಟ್ಟೆಯಾದ ಮೇಲೆ ಈ ತಗ್ಗೆಲ್ಲ ಮುಳುಗಿತು. ಆಚೆ ದಡದಿಂದ ಆನೆಗಳ ಹಿಂಡನ್ನು ಹೊಳೆಗೆ ನೂಕಿ, ಈಸಿಸಿ, ಮರದ ಕೋಟೆಯೊಳಗೆ ಕೂಡಿಹಾಕುತ್ತಿದ್ದ ಕಾಕನಕೋಟೆಯ ಖೆಡ್ಡ ನಡೆಯುತ್ತಿದ್ದುದು ಈ ಸೀಮೆಯಲ್ಲಿಯೇ. ಮೈಸೂರಿನಲ್ಲಿ ಈ ವಿದ್ಯೆಯನ್ನು ಮೊದಲು ಸಾಧಿಸಿದವನು, ೧೮೭೪ರ ಹೊತ್ತಿಗೆ ಚಾಮರಾಜನಗರದ ಕಡೆಯಲ್ಲಿ, ಸ್ಯಾಂಡರ್ಸನ್ ಎಂಬ ಅಧಿಕಾರಿ. ಕಿಪ್ಲಿಂಗನ ಕಥೆಯ ಪೀಟರ್ಸನ್ ಸಾಹೇಬನಿಗೆ ಇವನೇ ಮೂಲವೆಂದು ಹೇಳುವುದುಂಟು. ಕೊನೆಯ ಖೆಡ್ಡ ೧೯೭೧ರಲ್ಲಿ. ಅದನ್ನು ನೋಡಿ ಬಂದ ನನ್ನ ತಂದೆಯವರು, ತಾಯಾನೆಯಿಂದ ಅಗಲಿದ ಮರಿಯ ಕೂಗನ್ನು ನೆನೆದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಿಂತದ್ದು ಒಳ್ಳೆಯದೇ ಆಯಿತು. ಆದರೆ ಒಂದು ಪಕ್ಷ ಚಿತ್ರವೊಂದೇ ಉಳಿದಿರುವ ಕಾಡು ಇಲ್ಲಿ ನೀರಿನಡಿಯಲ್ಲಿದೆಯೆಂಬುದನ್ನು ದಡದ ಮೇಲೆ ನಿಂತು ತಿಳಿಯುವುದು ಬೇರೆ.

ದಡದ ಹೊಂಗೆಮರದ ಕೆಳಗೆ ಒಬ್ಬ ಮುದುಕನು ಕಂಬಳಿ ಹೊದ್ದು ಕುಳಿತಿದ್ದನು. ಜೇನುಕುರುಬನು, ಪ್ರಾಯದಲ್ಲಿ ಆನೆ ಶಿಬಿರದಲ್ಲಿ ಕಾವಾಡಿಯಾಗಿದ್ದವನೆಂದು ಶಿಷ್ಯನು ಹೇಳಿದನು. ಸಾಬುವಿನ ಹೆಸರನ್ನು ಹೇಳಿ ವಿಚಾರಿಸಿದೆನು.

"ಸಾಬುವೇ? ಯಾವ ಹಾಡಿಯೋನು ಸ್ವಾಮಿ?" ಎಂದನು.

ಮೊಮ್ಮಗನು ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಫೋನಿನಲ್ಲಿ ಚಿತ್ರವನ್ನು ತೋರಿಸಿದನು. ಮುದುಕನು ಬಿಸಿಲಿಗೆ ಕಂಬಳಿಯನ್ನು ಮರೆಮಾಡಿಕೊಂಡು ನೋಡಿದನು. ದೊರೆಗಳು ಬಂದಾಗ ದೃಷ್ಟಿಯನ್ನು ನೀರಿನ ಕಡೆಗೆ ತಿರುಗಿಸುವನು. ಆನೆ ಬಂದಾಗ ಮತ್ತೆ ಬಗ್ಗುವನು. ಹುಡುಗನು ಐರಾವತದ ಕತ್ತಿನ ಮೇಲೆ ಕುಳಿತು ಹೊಳೆಯನ್ನು ಹಾಯುವ ಭಾಗಕ್ಕೆ ಅವನ ಬೆರಳು ತೆರೆಯ ಮೇಲೆ ಬಂದಿತು.

"ಈ ಹೈದ ದಿಟವಾಗ್ಲೂ ಆನೆಯೋನೇ ಸ್ವಾಮಿ. ಕಾಲು ನೋಡಿ, ಕಿವಿ ಹಿಂದೆ ಕಾಲು ಹೆಂಗೆ ಮಡಗವ್ನೆ. ಕಲಿಸಿದ್ರೆ ಬರೋದಲ್ಲ ಇದು." ಸ್ವಲ್ಪ ಹೊತ್ತು ಬಿಟ್ಟು, "ಆನೆ ಹೆಸರೇನು?" ಎಂದನು.

"ಐರಾವತ" ಎಂದೆನು.

"ಐರಾವತ" ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಮೊದಲಿನಿಂದ ತೋರಿಸೆಂದು ಮೊಮ್ಮಗನನ್ನು ಕೇಳಿದನು. ಫೋನಿನಲ್ಲಿ ಉಳಿದಿದ್ದ ಬ್ಯಾಟರಿ ನೂರಕ್ಕೆ ಹನ್ನೊಂದು ಭಾಗ. ಕೋಟೆಗೆ ಹೋಗುವ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಶಿಷ್ಯನೂ ಬಂದು ಅವರ ಹಿಂದೆ ಬಗ್ಗಿ ನಿಂತನು. ನಾನು ಕಲ್ಲಿನ ಮೇಲೆ ಕುಳಿತು, ಹುಡುಗನ ಹೆಸರು, ಅವನು ಹುಟ್ಟಿದ ಇಸವಿ, ತಂದೆಯ ಕೆಲಸ, ಎಲ್ಲವನ್ನೂ ಒಂದೊಂದಾಗಿ ಅವರಿಗೆ ಹೇಳತೊಡಗಿದೆನು.